ಮುಂದಿನ ಸೀಟಿನಲ್ಲಿ ಮಿಕ್ಸರು

ಹೊಟ್ಟೆಕಿಚ್ಚಿಗೆ ಸದ್ದು ಎಂಬುದು ಇದ್ದಿದ್ದರೆ, ಗುಬ್ಬಿಯಲ್ಲಿ ಕೂತು ನಾನು ಉರಿದುಕೊಂಡದ್ದು ತುಮಕೂರಿನ ಶೆಟ್ಟಿಹಳ್ಳಿಯವರೆಗೂ ಕೇಳಬೇಕಾಗಿತ್ತು. ಕೇಳಲಿಲ್ಲ. ಕೇಳಿದ್ದರೆ ಆ ಗುರುಪ್ರಕಾಶ ಅದನ್ನೂ ಒಂದು ಪೆಟ್ಟಿಗೆಗೆ ಹಾಕಿ, ಮುಚ್ಚಳ ಜಡಿದು, ಚಕ್ರದ ಮೇಲೆ ತಳ್ಳಿಕೊಂಡು ಹೋಗಿಬಿಡುತ್ತಿದ್ದ. ಅಂಥ ಮನುಷ್ಯ.

ನಾನು ಚನ್ನವೀರಯ್ಯ. ಗುಬ್ಬಿ ತಾಲ್ಲೂಕಿನಲ್ಲಿ ‘ಚನ್ನವೀರಯ್ಯ ಸೌಂಡ್ಸ್’ ಇಲ್ಲದೆ ಮದುವೆಯಾದವರನ್ನು ಜನ ಮದುವೆಯಾದವರೆಂದು ನಂಬುತ್ತಿರಲಿಲ್ಲ. ನನ್ನ ಹಾರನ್ ಸ್ಪೀಕರು ಒಮ್ಮೆ ಬಾಯಿಬಿಟ್ಟರೆ ಮೂರು ಊರಾಚೆಯ ತೋಟದಲ್ಲಿ ತೆಂಗಿನಕಾಯಿಗಳು ತಾವಾಗಿಯೇ ಉದುರುತ್ತಿದ್ದವು. ಹೊಟ್ಟೆಪಾಡು ಹೋಯಿತೆಂದು ಕಾಯಿ ಕೀಳುವವರು ಗುಂಪು ಕಟ್ಟಿಕೊಂಡು ಜಗಳಕ್ಕೆ ಬಂದಿದ್ದೂ ಉಂಟು. (ಉದುರಿದ ಕಾಯಲ್ಲಿ ಪಾಲು ಕೇಳಲು ನಾನೂ ಹೋಗಿದ್ದೆ. ಅದು ಬೇರೆ ಮಾತು.)

ಸದ್ದಿನ ವಿಷಯದಲ್ಲಿ ನನ್ನನ್ನು ಯಾರೂ ಮೀರಿಸಿಲ್ಲ. ತೊಂದರೆ ಇದ್ದದ್ದು ಸದ್ದು ನಿಂತ ಮೇಲೆ. ವೈರು ನನ್ನ ಗೋಣಿಚೀಲದೊಳಕ್ಕೆ ಹೋಗುವಾಗ ಒಂದೊಂದಾಗಿ ಹೋಗುತ್ತಿತ್ತು, ಹೊರಗೆ ಬರುವಾಗ ಕುಟುಂಬ ಸಮೇತ ಬರುತ್ತಿತ್ತು. ಮೈಕಿನ ವೈರು ಎಳೆದರೆ ಆಂಪ್ಲಿಫೈಯರಿನದು ಬರುತ್ತಿತ್ತು, ಅದರ ಹಿಂದೆ ಯಾವುದೋ ಊರಿನ ಶಾಮಿಯಾನದ ಹಗ್ಗ, ಹಗ್ಗದ ತುದಿಯಲ್ಲಿ ಯಾರದೋ ಬಾಸಿಂಗ. ಮದುವೆಗೆ ಎಳೆದ ವೈರನ್ನು ಬಿಚ್ಚಿ ಸುತ್ತಿ ಮುಗಿಸುವ ಹೊತ್ತಿಗೆ ಅದೇ ಮನೆಯವರು ಸೀಮಂತಕ್ಕೆ ಹೇಳಿಕಳಿಸುತ್ತಿದ್ದರು. “ಹೆಂಗೂ ಇಲ್ಲೇ ಇದೀರಲ್ಲ, ಬಿಚ್ಚಬೇಡಿ ಬಿಡಿ” ಎಂದ ಮನೆಗಳೂ ಇವೆ.

ಇದಕ್ಕೆಲ್ಲ ನನಗಿದ್ದ ಏಕೈಕ ಸೇನೆ ಚಿಕ್ಕಬೋರಯ್ಯ. ನನ್ನಷ್ಟೇ ವಯಸ್ಸಿನವನು, ನನಗಿಂತ ಬಲಶಾಲಿ. ಸ್ಪೀಕರನ್ನು ಒಬ್ಬನೇ ಹೊರುತ್ತಾನೆ. ಆದರೆ ಹೊತ್ತುಕೊಂಡೇ ನಿದ್ದೆ ಹೋಗುತ್ತಾನೆ. ಅವನನ್ನೂ ಸ್ಪೀಕರನ್ನೂ ಒಟ್ಟಿಗೇ ಇಳಿಸಿಕೊಳ್ಳಬೇಕು.

ಇನ್ನು ಗುರುಪ್ರಕಾಶ. ಇವನು ಹಿಂದೆ ನಮ್ಮಲ್ಲೇ ಕೆಲಸಕ್ಕಿದ್ದವನು. ಕೆಲಸಕ್ಕಿದ್ದ ಎಂದು ಹೆಸರಿಗೆ ಹೇಳಬೇಕು. ನಾನು ಅಂಗಳದಲ್ಲಿ ವೈರಿನೊಡನೆ ಮಲ್ಲಯುದ್ಧ ಮಾಡುತ್ತಿದ್ದರೆ ಇವನು ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಡಬ್ಬಿ ಎತ್ತಿಕೊಡುತ್ತ ಕೂತಿರುತ್ತಿದ್ದ. ಹೊಟ್ಟೆಬಾಕ, ಚಕ್ಕುಲಿಗೆ ಕಾಯುತ್ತಿದ್ದಾನೆ ಎಂದುಕೊಂಡಿದ್ದೆ. ಆಮೇಲೆ ಶೆಟ್ಟಿಹಳ್ಳಿಗೆ ಹೋಗಿ ಸ್ವಂತ ಅಂಗಡಿ ತೆರೆದ. ಈಗ ಅವನ ಕಪ್ಪು ಪೆಟ್ಟಿಗೆಗಳು ಮಂಟಪದ ಬಾಗಿಲಲ್ಲಿ ಸಾಲಾಗಿ ಉರುಳಿ ಬಂದರೆ ಜನ ವರನ ದಿಬ್ಬಣ ಬಿಟ್ಟು ಅವನ್ನು ನೋಡುತ್ತಾರೆ.

“ಗುರುಪ್ರಕಾಶ ನೋಡಿ. ಕೊನೇ ಪಂಕ್ತಿ ಎಲೆ ಎತ್ತೋದ್ರೊಳಗೆ ಎಲ್ಲ ಗಾಡಿಗೆ ತುಂಬಿ, ಕೈ ತೊಳ್ಕಂಡು ಬಂದು ಊಟಕ್ ಕೂತಿದ್ದ,” ಎಂದು ನನ್ನ ಹೆಂಡತಿ ಕರಿಬಸಮ್ಮ ಯಾವುದೋ ಮದುವೆಗೆ ಹೋಗಿ ಬಂದ ದಿನ ನನಗೆ ಮುದ್ದೆ ಬಡಿಸುತ್ತ ಹೇಳಿದಳು.

“ಅವನ ಹತ್ರ ಸಾಮಾನು ಕಮ್ಮಿ ಕಣೇ.”

“ನಿಮ್ಮ ಎರಡರಷ್ಟಿದೆ.”

“ಅವನ ಹತ್ರ ಜನ ಜಾಸ್ತಿ.”

“ಇಬ್ರೇ ಇದ್ದಿದ್ದು. ಎದ್ದಿದ್ರು ಅಷ್ಟೆ, ನಿಮ್ಮ ಚಿಕ್ಕಬೋರಯ್ಯನ ಹಂಗಲ್ಲ. ನಾನೊಂದು ಮಾತು ಹೇಳ್ಲಾ? ವೈರನ್ನ ಮೊಣಕೈಗೆ ಸುತ್ತಬೇಡಿ, ಅದು ಮುರುಚ್ಕಳತ್ತೆ. ಬಾವಿ ಹಗ್ಗ ಹೆಂಗೆ...”

“ಇದು ಒಗ್ಗರಣೆ ಅಲ್ಲ ಕರಿಬಸಮ್ಮ, ಎಲೆಕ್ಟ್ರಿಕಲ್ಲು. ನೀನು ಸಾರು ಹಾಕು.”

ಅವಳು ಸಾರು ಹಾಕಿದಳು. ಅಷ್ಟರಲ್ಲಿ ಕರೆಂಟು ಹೋಯಿತು. “ಉಪ್ಪಿನಕಾಯಿ,” ಎಂದೆ. ಆ ಕಗ್ಗತ್ತಲಲ್ಲಿ ಅವಳು ತಡಕಾಡದೆ, ತಡೆಯದೆ, ಕೂತಲ್ಲಿಂದಲೇ ಕೈ ಚಾಚಿ ಉಪ್ಪಿನಕಾಯಿ ತೆಗೆದು ಬಡಿಸಿದಳು, ಅದೂ ನನಗೆ ಬೇಕಾದ ಹೇರಳೆಕಾಯಿಯದೇ. ಅವಳ ಅಡುಗೆಮನೆಯೇ ಹಾಗೆ. ದಿನಾ ಬೇಕಾದದ್ದು ಕೈಗೆಟುಕುವ ಗೂಡಿನಲ್ಲಿ, ಹಬ್ಬಕ್ಕೆ ಬೇಕಾದದ್ದು ಮೇಲಿನ ಹಲಗೆಯಲ್ಲಿ, ವರ್ಷಕ್ಕೊಮ್ಮೆ ಇಳಿಯುವ ಕೊಪ್ಪರಿಗೆ, ದೊಡ್ಡ ಜಾಲರಿ ಅಟ್ಟದ ಮೇಲೆ. ಎಲ್ಲದಕ್ಕೂ ಬಿಳಿ ಪಟ್ಟಿ ಅಂಟಿಸಿ ಹೆಸರು. ಕಡ್ಲೆಬೇಳೆ ಎಂದು ಬರೆದ ಡಬ್ಬಿಯಲ್ಲಿ ಕಡ್ಲೆಬೇಳೆಯೇ ಇರುವ ಮನೆ ಇಡೀ ಕರ್ನಾಟಕದಲ್ಲಿ ನಮ್ಮದೊಂದೇ. ನಾನು ಉಪ್ಪಿನಕಾಯಿ ಚಪ್ಪರಿಸುತ್ತ, ಆ ಗುರುಪ್ರಕಾಶ ಈ ವಿದ್ಯೆಯನ್ನು ಎಲ್ಲಿಂದ ಕದ್ದನೋ ಎಂದು ಕತ್ತಲಲ್ಲಿ ಯೋಚಿಸುತ್ತಿದ್ದೆ.

ಈ ಕಿಚ್ಚಿಗೆ ತುಪ್ಪ ಸುರಿದವನು ನನ್ನ ಭಾವಮೈದ ಉದಯಕುಮಾರ. ಹುಲಿಯೂರುದುರ್ಗದವನು. ಮಗಳು ಭೂಮಿಕಾಗೆ ಗಂಡು ಗೊತ್ತಾಗಿದೆ ಎಂದು ಹೇಳಲು ಸಿಹಿ ಹಿಡಿದು ಬಂದ. ನಿಶ್ಚಿತಾರ್ಥ ಅವರೂರಿನ ಸಮುದಾಯ ಭವನದಲ್ಲಿ, ಮದುವೆ ಕುಣಿಗಲ್ಲಿನ ಛತ್ರದಲ್ಲಿ. ಎಲ್ಲ ಹೇಳಿ ಮುಗಿಸಿ, ಸಿಹಿಯ ಡಬ್ಬಿಯನ್ನು ನನ್ನ ಕಡೆ ಸ್ವಲ್ಪ ಜಾಸ್ತಿಯೇ ತಳ್ಳಿದ. ಆಗಲೇ ನನಗೆ ಅನುಮಾನ ಬಂತು.

“ಭಾವ, ಬೇಜಾರ್ ಮಾಡ್ಕಬೇಡಿ. ಛತ್ರದೋರು ಊಟ ಆದ ತಕ್ಷಣ ಖಾಲಿ ಮಾಡಿ ಅಂತಾರೆ. ಅದಕ್ಕೇ ಸೌಂಡು ಗುರುಪ್ರಕಾಶಂಗೆ ಹೇಳ್ಬುಡೋಣ ಅಂತ.”

“ಯಾಕೆ, ನಾನು ಸತ್ತೋಗಿದೀನಾ?”

“ಇಲ್ಲ ಭಾವ. ನೀವು ವೈರು ಬಿಚ್ಚೋದ್ರೊಳಗೆ ನಾವು ಸತ್ತೋಯ್ತೀವಿ.”

ಕರಿಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಳಲಿಕ್ಕೆ ಎಂದು ನಾನು ತಿಳಿದೆ. ಒಳಗಿನಿಂದ ಬಂದ ಸದ್ದು ಬೇರೆ ಇತ್ತು.

ಭೂಮಿಕಾ ಬೇಸಗೆ ರಜೆಯನ್ನೆಲ್ಲ ನಮ್ಮ ಮನೆಯಲ್ಲಿ ಕಳೆದವಳು. ಮೈಕು ಹಿಡಿದು ಮೊಟ್ಟಮೊದಲು ‘ಹಲೋ ಹಲೋ’ ಎಂದದ್ದು ನನ್ನ ಮೈಕಿನಲ್ಲಿ. ಅಂಥವಳ ಕೊರಳಿಗೆ ತಾಳಿ ಬೀಳುವಾಗ ಮಂತ್ರ ಗುರುಪ್ರಕಾಶನ ಸ್ಪೀಕರಿನಿಂದ ಬರುವುದು, ನಾನು ಬಿಳಿ ಪಂಚೆ ಉಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪಾನಕ ಕುಡಿಯುವುದು. ಆ ಚಿತ್ರ ಕಣ್ಣಮುಂದೆ ಬಂದದ್ದೇ ನಾನು ಎದ್ದು ನಿಂತೆ.

“ನಿಶ್ಚಿತಾರ್ಥ ನನಗೆ ಕೊಡು. ನಾನು ಹಾಕೋದು, ಬಿಚ್ಚೋದು ನೋಡು. ಅವನಿಗಿಂತ ತಡವಾದರೆ ಮದುವೆ ಅವನಿಗೇ ಕೊಟ್ಟುಬಿಡು. ನಾನು ಮೀಸೆ ಬೋಳಿಸ್ಕೊಂಡು ಪಾನಕ ಹಂಚ್ತೀನಿ.”

“ಆವತ್ತು ಸಾಯಂಕಾಲ ಅದೇ ಭವನದಾಗೆ ಬೇರೆಯವರ ಆರತಕ್ಷತೆ ಐತೆ ಭಾವ. ಅದಕ್ಕೆ ಸೌಂಡು ಗುರುಪ್ರಕಾಶಂದೇ. ಅವನು ಬಂದು ಬಾಗಿಲಲ್ಲಿ ಕಾಯೋ ಹಂಗಾಗಬಾರದು, ನೋಡಿ.”

“ಅವನು ಬರೋ ಹೊತ್ತಿಗೆ ನಾನು ಗಾಡಿ ಸ್ಟಾರ್ಟ್ ಮಾಡಿರ್ತೀನಿ.”

ಹೀಗೆ ಭೀಷ್ಮಪ್ರತಿಜ್ಞೆಯಾಯಿತು. ಪ್ರತಿಜ್ಞೆ ಸುಲಭ. ವೈರು ಅಲ್ಲೇ ಗೋಣಿಚೀಲದಲ್ಲಿ ಗಂಟಾಗಿ ಕೂತು ನನ್ನನ್ನೇ ನೋಡುತ್ತಿತ್ತು.

ಶತ್ರುವಿನ ಗುಟ್ಟು ತಿಳಿಯಬೇಕಾದರೆ ಶತ್ರುವಿನ ಕೋಟೆಗೇ ನುಗ್ಗಬೇಕು. ತುಮಕೂರಿನ ಒಂದು ಛತ್ರದಲ್ಲಿ ಅವನ ಸೌಂಡು ಇದೆಯೆಂದು ತಿಳಿದು, ಇಸ್ತ್ರಿ ಪಂಚೆ ಉಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಹೋದೆ. ಯಾರ ಮದುವೆಯೋ ಗೊತ್ತಿಲ್ಲ. ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವನೆಂದು ತಿಳಿದು ಎರಡು ಹೋಳಿಗೆ ಹಾಕಿದರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದು ತಿಳಿದು ಅದರ ಮೇಲೆ ತುಪ್ಪ ಸುರಿದರು. ಗೂಢಚಾರಿಕೆಯಲ್ಲಿ ಇಷ್ಟು ಸುಖವಿದೆಯೆಂದು ತಿಳಿದಿದ್ದರೆ ಎಂದೋ ಶುರುಮಾಡುತ್ತಿದ್ದೆ.

ಊಟ ಮುಗಿಸಿ ವೇದಿಕೆಯ ಪಕ್ಕ ಕಂಬವೊಂದಕ್ಕೆ ಒರಗಿ ನೋಡಿದೆ. ನೋಡಿದಷ್ಟೂ ಹೊಟ್ಟೆಯಲ್ಲಿದ್ದ ಹೋಳಿಗೆ ಹೊತ್ತಿ ಉರಿಯಿತು. ಪೆಟ್ಟಿಗೆಯೊಳಗೆ ಸ್ಪಂಜು, ಸ್ಪಂಜಿನಲ್ಲಿ ಮೈಕಿನ ಆಕಾರಕ್ಕೆ ಕೊರೆದ ಹಳ್ಳ; ಮೈಕು ಅದರಲ್ಲಿ ತೊಟ್ಟಿಲ ಕೂಸಿನ ಹಾಗೆ ಮಲಗುತ್ತಿತ್ತು. ಪ್ರತಿ ವೈರಿನ ಎರಡು ತುದಿಗೂ ಒಂದೇ ಬಣ್ಣದ ಟೇಪು. ಒಂದು ಸುತ್ತು ಒಳಮುಖ, ಮುಂದಿನ ಸುತ್ತು ಹೊರಮುಖ ಮಾಡಿ ಸುತ್ತುತ್ತಿದ್ದರು, ಗಂಟು ಬೀಳುವ ಮಾತೇ ಇಲ್ಲ. ಮೊದಲು ಬೇಕಾದದ್ದು ಎಲ್ಲಕ್ಕಿಂತ ಮೇಲೆ. ಸಾಮಾನು ಯಾವ ಜಾಗದಿಂದ ಬಂತೋ ಅದೇ ಜಾಗಕ್ಕೆ ವಾಪಸ್ಸು. ಕೊನೆಗೆ ಪೆಟ್ಟಿಗೆಯಲ್ಲಿ ಖಾಲಿ ಹಳ್ಳ ಕಾಣದಿದ್ದರೆ ಏನೂ ಮರೆತಿಲ್ಲ ಎಂದರ್ಥ. ಕೂಗಿಲ್ಲ, ಹುಡುಕಾಟವಿಲ್ಲ, ‘ಆ ಪಿನ್ನು ಎಲ್ಲಿ ಹಾಳಾಗಿ ಹೋಯ್ತೋ’ ಎಂಬ ಮಂಗಳವಾಕ್ಯವಿಲ್ಲ.

ಸ್ಪಂಜಿನ ಹಳ್ಳ ಎಷ್ಟು ಆಳವಿದೆಯೆಂದು ತಿಳಿಯಲು ಬೆರಳು ಹಾಕಿ ಅಳೆಯುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು.

“ಯಜಮಾನ್ರೇ, ಊಟ ಆಯ್ತಾ?”

ಗುರುಪ್ರಕಾಶ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ, ದರಿದ್ರದವನು.

“ನಮ್ಮ ನೆಂಟರ ಮದುವೆ ಕಣಪ್ಪ,” ಎಂದೆ.

“ಹೌದಾ? ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?”

“ಎರಡೂ.”

ಅವನು ನಗಲಿಲ್ಲ. ಅದೂ ಒಂದು ಅಪಮಾನ. “ಅಕ್ಕ ಚೆನ್ನಾಗಿದಾರಾ? ಈ ಟೇಪು ತಗೊಂಡೋಗಿ ಯಜಮಾನ್ರೇ, ವೈರಿಗೆ ಸುತ್ತಕೆ ಆಗತ್ತೆ,” ಎಂದು ನಾಲ್ಕಾರು ಬಣ್ಣದ ಸುರುಳಿಗಳನ್ನು ಜೇಬಿಗೆ ತುರುಕಿದ. ಶತ್ರು ಕೊಟ್ಟ ಟೇಪು ಮುಟ್ಟಬಾರದು ಎಂದು ಬಸ್ಸಿನಲ್ಲಿ ಗುಬ್ಬಿ ಬರುವವರೆಗೂ ಯೋಚಿಸಿದೆ. ಟೇಪು ಒಳ್ಳೆಯದಿತ್ತು. ಮುಟ್ಟಿದೆ.

ಮಾರನೆಯ ದಿನ ಕರಿಬಸಮ್ಮ ಸಂತೆಗೆ ಹೋದದ್ದೇ ತಡ, ಕ್ರಾಂತಿ ಶುರುವಾಯಿತು. ಅಟ್ಟದಿಂದ ಎರಡು ಕಬ್ಬಿಣದ ಟ್ರಂಕು ಇಳಿಸಿದೆ. ಒಳಗಿದ್ದ ಅವಳ ರೇಷ್ಮೆ ಸೀರೆಗಳನ್ನು ಮರ್ಯಾದೆಯಿಂದ ವೈರಿನ ಗೋಣಿಚೀಲಕ್ಕೆ ವರ್ಗಾಯಿಸಿದೆ. ವೈರು ಕಟ್ಟಲು ಲಾಡಿ ಬೇಕಲ್ಲ. ತಂತಿಯ ಮೇಲೆ ಅವಳ ಲಂಗಗಳು ಒಣಗುತ್ತಿದ್ದವು, ಒಂದೊಂದರಿಂದಲೂ ಒಂದೊಂದು ಲಾಡಿ ದೇಶಸೇವೆಗೆ ಹೊರಬಂತು. ಉಳಿದದ್ದು ಸ್ಪಂಜು. ಗುಬ್ಬಿಯಲ್ಲಿ ಅಷ್ಟು ದಪ್ಪನೆಯ ಸ್ಪಂಜು ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತ ಮಂಚದ ಮೇಲೆ ಕೂತೆ. ಕೂತ ತಕ್ಷಣ ಉತ್ತರ ಸಿಕ್ಕಿತು.

ಚಿಕ್ಕಬೋರಯ್ಯ ಹಾಸಿಗೆಯ ಆ ತುದಿ ಹಿಡಿದುಕೊಂಡ. ನಾನು ಮೈಕು, ಸ್ಟ್ಯಾಂಡು, ಪಿನ್ನು, ಕೊನೆಗೆ ನನ್ನ ಮೊಬೈಲನ್ನೂ ಅದರ ಮೇಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. (ಮೊಬೈಲನ್ನು ಪ್ರತಿ ಸಲವೂ ಯಾವುದೋ ಸ್ಪೀಕರಿನ ಮೇಲೆ ಮರೆತು ಬರುತ್ತಿದ್ದೆ. ಇನ್ನು ಆ ಕಾಟವಿಲ್ಲ.) ಈಳಿಗೆ ಮಣೆ ಹಾಕಿಕೊಂಡು ಕುಂಬಳಕಾಯಿ ಹೆಚ್ಚಿದ ಹಾಗೆ ಕೊಯ್ದೆ.

“ಯಜಮಾನ್ರೇ, ಅಮ್ಮಾರು ಬಯ್ಯಕಿಲ್ವಾ?” ಎಂದ ಚಿಕ್ಕಬೋರಯ್ಯ.

“ವಿಜ್ಞಾನಕ್ಕೆ ಬಲಿ ಬೇಕು ಕಣೋ.”

“ಬುಡಿ, ನಂಗೇನು. ನಾನು ಚಾಪೆ ಮ್ಯಾಲೆ ಮಲಗೋನು,” ಎಂದು ಉಳಿದ ತುಂಡಿನ ಮೇಲೆ ಒರಗಿ ಅಲ್ಲೇ ನಿದ್ದೆ ಹೋದ.

ಕರಿಬಸಮ್ಮ ಬಂದಳು. ಗೋಣಿಚೀಲದಿಂದ ಇಣುಕುತ್ತಿದ್ದ ಜರಿಯಂಚು ನೋಡಿದಳು. ತಂತಿಯ ಮೇಲೆ ಲಾಡಿಯಿಲ್ಲದೆ ನಿರಾಧಾರವಾಗಿ ತೂಗುತ್ತಿದ್ದ ಲಂಗಗಳನ್ನು ನೋಡಿದಳು. ಕೊನೆಗೆ ಹಾಸಿಗೆ ನೋಡಿದಳು. ಅದು ಅವಳ ತವರಿನವರು ಕೊಟ್ಟ ಹಾಸಿಗೆ. ನಾನು ಗುಡುಗಿಗೆ ಕಾದೆ. ಗುಡುಗಲಿಲ್ಲ.

“ಮೈಕು ಅಂಗಾತ ಮಲಗತ್ತಾ, ಮಗ್ಗುಲಾಗಾ?”

“ಅಂಗಾತ.”

“ಸರಿ. ಇವತ್ತಿಂದ ನೀವು ಅದರ ಪಕ್ಕ.” ಆಮೇಲೆ ಟ್ರಂಕಿನೊಳಗೆ ಬಗ್ಗಿ ನೋಡಿದಳು. “ಮೊದಲು ಬೇಕಾದ್ದು ತಳಕ್ಕೆ ಹಾಕಿದೀರ. ಮೊದಲು ಬೇಕಾದ್ದು ಮೇಲಿರಬೇಕು. ವೈರನ್ನ ಒಂದ್ ಸುತ್ತು ಒಳಗೆ, ಒಂದ್ ಸುತ್ತು ಹೊರಗೆ ಸುತ್ತಿ.”

ನಾನು ಗಂಡು ಕಡೆ ಹೆಣ್ಣು ಕಡೆ ಎರಡೂ ಆಗಿ, ಕಂಬಕ್ಕೆ ಒರಗಿ, ಪ್ರಾಣ ಪಣಕ್ಕಿಟ್ಟು ತಂದ ಗುಟ್ಟು ಇವಳ ಬಾಯಲ್ಲಿ. ಅಂದರೆ ಆ ಗುರುಪ್ರಕಾಶ ಇವಳಿಗೆ ಫೋನ್ ಮಾಡಿ ಎಲ್ಲ ಹೇಳುತ್ತಿದ್ದಾನೆ. ‘ಅಕ್ಕ ಚೆನ್ನಾಗಿದಾರಾ’ ಎಂದು ಕೇಳಿದ್ದು ನಾಟಕ. ನನ್ನ ಹೆಂಡತಿಗೆ ನನ್ನ ಕೆಲಸ ಅವನು ಕಲಿಸುತ್ತಿದ್ದಾನೆ. ಅದುವರೆಗೂ ಹೊಟ್ಟೆಯಲ್ಲಿದ್ದ ಕಿಚ್ಚು ಆವತ್ತು ಎದೆ, ಗಂಟಲು ದಾಟಿ ನೆತ್ತಿಯಿಂದ ಹೊಗೆಯಾಗಿ ಎದ್ದಿತು. ಪಕ್ಕದ ಮನೆಯವರು ಒಲೆ ಹೊತ್ತಿಸಿದಿರಾ ಎಂದು ಕೇಳಿದರು.

ಅಂದಿನಿಂದ ನಿಶ್ಚಿತಾರ್ಥದವರೆಗೆ ಅಂಗಳದಲ್ಲಿ ಕವಾಯತು. ಹಾಕು, ಬಿಚ್ಚು, ತುಂಬು. ಹಾಕು, ಬಿಚ್ಚು, ತುಂಬು. ಚಿಕ್ಕಬೋರಯ್ಯ ನಿದ್ದೆಯಲ್ಲೇ ವೈರು ಸುತ್ತುವಷ್ಟು ಪಳಗಿದ. ಗಾಡಿಯಲ್ಲೂ ಒಂದೊಂದಕ್ಕೂ ಒಂದೊಂದು ಜಾಗ. ಸ್ಪೀಕರು ಎಡಕ್ಕೆ, ಟ್ರಂಕು ಬಲಕ್ಕೆ, ಸ್ಟ್ಯಾಂಡು ನಡುವೆ, ಚಿಕ್ಕಬೋರಯ್ಯ ಸ್ಟ್ಯಾಂಡಿನ ಮೇಲೆ. ಇನ್ನುಳಿದದ್ದು ಮಿಕ್ಸರು. (ಚಟ್ನಿ ರುಬ್ಬುವುದಲ್ಲ, ಹತ್ತು ಮೈಕಿನ ಸದ್ದನ್ನು ಹದ ಮಾಡುವ, ತಿರುಗಿಸುವ ಗುಬ್ಬಿಗಳು ತುಂಬಿದ ಹಲಗೆ.) ಅದು ನನ್ನ ಪ್ರಾಣ. ಹಿಂದೆ ಹಾಕಿದರೆ ಕುಲುಕುತ್ತದೆ. ನಮ್ಮದು ಸಣ್ಣ ಗೂಡ್ಸ್ ಗಾಡಿ, ಮುಂದೆ ನನ್ನದು ಬಿಟ್ಟರೆ ಇನ್ನೊಂದೇ ಸೀಟು. ಕರಿಬಸಮ್ಮ ಅಡುಗೆಗೆ ಕೈ ಹಾಕಲು ಹಿಂದಿನ ದಿನವೇ ಬಸ್ಸಿನಲ್ಲಿ ತಮ್ಮನ ಮನೆಗೆ ಹೋಗಿದ್ದಳು. ಹಾಗಾಗಿ ಆ ಸೀಟಿನಲ್ಲಿ ಮಿಕ್ಸರನ್ನು ಕೂರಿಸಿ, ಶಾಲು ಹೊದಿಸಿ, ಬೆಲ್ಟು ಹಾಕಿದೆ.

ಹುಲಿಯೂರುದುರ್ಗದಲ್ಲಿ ಅಂದು ನಡೆದದ್ದನ್ನು ಕೋಟೆಯ ಕಲ್ಲುಗಳು ಇನ್ನೂ ನೆನೆಸಿಕೊಳ್ಳುತ್ತಿರಬೇಕು. ನಾನು ಸೌಂಡು ಹಾಕಿ ಮುಗಿಸಿದಾಗ ಅಡುಗೆಯವರು ಇನ್ನೂ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಉದಯಕುಮಾರ ನಂಬಲಾರದೆ ಎರಡು ಸಲ ‘ಹಲೋ’ ಎಂದು ನೋಡಿದ. ಮಠದ ಅಯ್ಯನವರ ಮಂತ್ರ ಜೇನಿನ ಹಾಗೆ ಹರಿಯಿತು. ಭೂಮಿಕಾ ಉಂಗುರ ತೊಡಿಸಿಕೊಳ್ಳುವಾಗ ನನ್ನ ಕಡೆ ತಿರುಗಿ ನಕ್ಕಳು. ಕರಿಬಸಮ್ಮ ಪಂಕ್ತಿಯಲ್ಲಿ ಬಡಿಸುತ್ತ ಬಂದವಳು, “ಪರ್ವಾಗಿಲ್ಲ ರೀ, ಇವತ್ತು ಚೆನ್ನಾಗಿ ಹಾಕಿದೀರ. ವಾಪಸ್ ಹೋಗೋವಾಗ...” ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಹೊರಗೆ ಗಾಡಿಯ ಸದ್ದು ಕೇಳಿತು. ಗುರುಪ್ರಕಾಶನ ಗಾಡಿ.

ನಾನು ಎಲೆಯ ಮೇಲಿನ ಪಾಯಸವನ್ನು ಹಾಗೇ ಬಿಟ್ಟು ಎದ್ದೆ.

ಆಮೇಲಿನದು ಬಿರುಗಾಳಿ. ವೇದಿಕೆಯಲ್ಲಿ ಉದಯಕುಮಾರನ ದಾಯಾದಿಯೊಬ್ಬರು ವಂದನಾರ್ಪಣೆ ಮಾಡುತ್ತಿದ್ದರು. ಮಠಕ್ಕೆ ವಂದಿಸಿ ಆಗಿತ್ತು, ಬೀಗರಿಗೆ ಬಂದಿದ್ದರು. ಅಲ್ಲಿಗೇ ಅವರ ಕೈಯಿಂದ ಮೈಕು ತೆಗೆದು ಹಳ್ಳದಲ್ಲಿ ಮಲಗಿಸಿದೆ. ಅವರು ಅಡುಗೆಯವರಿಗೂ ಹೂವಿನವರಿಗೂ ಬರಿಗೈಯನ್ನೇ ಬಾಯ ಹತ್ತಿರ ಹಿಡಿದು ವಂದಿಸಿ ಮುಗಿಸಿದರು. ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ. ಲಾಡಿ ಬಿಗಿ. ಸ್ಪೀಕರು ಎಡಕ್ಕೆ, ಟ್ರಂಕು ಬಲಕ್ಕೆ. ಮೊಬೈಲು ಅದರ ಹಳ್ಳಕ್ಕೆ. ಮುಚ್ಚಳ ಮುಚ್ಚುವ ಮುಂಚೆ ಬಗ್ಗಿ ನೋಡಿದೆ. ಒಂದಾದರೂ ಖಾಲಿ ಹಳ್ಳವಿಲ್ಲ. ಮುಂದಿನ ಸೀಟು ನೋಡಿದೆ. ಮಿಕ್ಸರು ಶಾಲು ಹೊದ್ದು, ಬೆಲ್ಟು ಹಾಕಿಕೊಂಡು ಲಕ್ಷಣವಾಗಿ ಕೂತಿತ್ತು. ಬಂದದ್ದೆಲ್ಲ ಬಂದ ಜಾಗಕ್ಕೆ ಬಂದಿತ್ತು. ನನ್ನ ಎಲೆಯ ಮೇಲಿನ ಪಾಯಸ ಇನ್ನೂ ಆರಿರಲಿಲ್ಲ.

ಗುರುಪ್ರಕಾಶ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. ಅಂಥ ಬಾಯಿಯನ್ನು ನೋಡಲಿಕ್ಕೆಂದೇ ನಾನು ಹಾಸಿಗೆ ಕೊಯ್ದದ್ದು. ಗಾಡಿ ಹೊರಟಿತು. ಅವನು ಕೈ ಎತ್ತಿ “ಯಜಮಾನ್ರೇ, ಯಜಮಾನ್ರೇ” ಎನ್ನುತ್ತ ಹಿಂದೆ ಓಡಿಬಂದ. ಗುಟ್ಟು ಹೇಳಿಕೊಡಿ ಎಂದು ಅಂಗಲಾಚುತ್ತಿದ್ದಾನೆ, ಓಡಲಿ ಎಂದುಕೊಂಡೆ. ಅವನ ಹಿಂದೆ ಉದಯಕುಮಾರನೂ ಓಡಿಬಂದ. ಮದುವೆಯ ವೀಳ್ಯ ಈಗಲೇ ಕೊಡಲು ಬರುತ್ತಿದ್ದಾನೆ, ಅವಸರವೇನು, ಮನೆಗೇ ಬಂದು ಕೊಡಲಿ ಎಂದುಕೊಂಡೆ. ಹಿಂದಿನಿಂದ ಚಿಕ್ಕಬೋರಯ್ಯ ಕ್ಯಾಬಿನ್ನಿನ ತಗಡನ್ನು ದಬದಬ ಬಡಿಯುತ್ತಿದ್ದ. ಪಾಪ, ಜನ್ಮದಲ್ಲಿ ಮೊದಲ ಸಲ ಗೆದ್ದಿದ್ದಾನೆ, ತಾಳ ಹಾಕಲಿ. ನಾನೂ ಹಾರನ್ನಿನಲ್ಲಿ ತಾಳ ಕೊಟ್ಟೆ. ಊರು ದಾಟುವ ಹೊತ್ತಿಗೆ ಬಡಿತ ನಿಂತಿತು. ನಿದ್ದೆ.

ಕುಣಿಗಲ್ ದಾಟಿದ ಮೇಲೆ ಗುಬ್ಬಿಗೆ ಒಳದಾರಿಯಿದೆ, ಹತ್ತಿರ. ನಾನು ಆ ದಾರಿ ಹಿಡಿಯಲಿಲ್ಲ. ತುಮಕೂರಿನ ಮೇಲೆ ಹೋದೆ. ಶೆಟ್ಟಿಹಳ್ಳಿಯಲ್ಲಿ ಗುರುಪ್ರಕಾಶನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಮುಚ್ಚಿದ ರೋಲಿಂಗ್ ಶಟರಿಗೆ ಮುಖ ಮಾಡಿ, ಹೊಟ್ಟೆ ತಣ್ಣಗಾಗುವವರೆಗೂ ಹಾರನ್ ಒತ್ತಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲವೆಂಬುದು ನಿಜ. ಪಕ್ಕದ ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಮನುಷ್ಯನೊಬ್ಬ ಹೊರಬಂದು, “ಯಾರಿಗೇನಾಯ್ತು ಸ್ವಾಮಿ?” ಎಂದ. “ಗುರುಪ್ರಕಾಶ ಬಂದ್ರೆ ಹೇಳಿ, ಚನ್ನವೀರಯ್ಯ ಹೋದ ಅಂತ,” ಎಂದೆ. “ಅಯ್ಯೋ ಪಾಪ, ಯಾವಾಗ?” ಎಂದು ಅವನು ಲೊಚಗುಟ್ಟಿದ. ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ.

ಗುಬ್ಬಿ ಸೇರಿದೆ. ಗಾಡಿ ನಿಲ್ಲಿಸಿ, ಮಿಕ್ಸರಿನ ಬೆಲ್ಟು ಬಿಚ್ಚಿ, ಎದೆಗವಚಿಕೊಂಡು ಮನೆಯೊಳಗೆ ಬಂದು, ಮಂಚದ ಮೇಲೆ ಇಟ್ಟು, ಕಾಲು ಚಾಚಿ ಕೂತೆ.

“ಕರಿಬಸಮ್ಮ, ಕಾಫಿ ತಾ.”

ಬಂತು. ನೊರೆಯೆದ್ದ, ಬಿಸಿಬಿಸಿ ಕಾಫಿ. ಹೀರಿದೆ.

“ನೋಡ್ದೇನೇ? ಕಣ್ಣಾರೆ ನೋಡ್ದೇನೇ? ಪಾಯಸ ಆರಿರಲಿಲ್ಲ. ಒಂದು ಪಿನ್ನು ಬಿಟ್ಟು ಬಂದಿಲ್ಲ. ಒಂದು ಲಾಡಿ ಬಿಟ್ಟು ಬಂದಿಲ್ಲ. ಏನೊಂದನ್ನೂ ಬಿಟ್ಟು ಬಂದಿಲ್ಲ. ನಿನ್ನ ಗುರುಪ್ರಕಾಶನ ಬಾಯಿ ನೋಡಬೇಕಿತ್ತು, ಒಳಗೆ ಸ್ಪೀಕರು ಇಡಬಹುದಾಗಿತ್ತು.”

“ನೋಡ್ದೆ,” ಎಂದಳು ಕರಿಬಸಮ್ಮ. “ನಾನು ಅವನ ಪಕ್ಕದಲ್ಲೇ ನಿಂತಿದ್ನಲ್ಲ, ಚೀಲ ಹಿಡ್ಕಂಡು.”

“ಮತ್ತೆ? ಓಡಿಬಂದ ನೋಡು ನನ್ನ ಹಿಂದೆ...”

ಅಲ್ಲಿಗೆ ನನ್ನ ಕಾಫಿ ನಿಂತಿತು. ಹುಲಿಯೂರುದುರ್ಗದ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದವಳು ಗುಬ್ಬಿಯಲ್ಲಿ ನನಗಿಂತ ಮುಂಚೆ ಹಾಲು ಕಾಯಿಸಿದ್ದು ಹೇಗೆ? ನಾನು ಕಾಫಿ ಕೇಳಿದೆ, ಕಾಫಿ ಬಂತು. ಮದುವೆಯಾದಾಗಿನಿಂದ ಹಾಗೇ ಬಂದಿದೆ. ಹೇಗೆ ಬರುತ್ತದೆ ಎಂದು ಆವತ್ತೇ ಮೊದಲ ಸಲ ಯೋಚಿಸಿದ್ದು.

“ನೀನು... ಹೆಂಗೆ ಬಂದೆ?”

“ನೀವು ಕರ್ಕೊಂಡು ಬರ್ತೀರ ಅಂತ ಚೀಲ ತರೋಕ್ ಹೋಗಿದ್ದೆ. ಬಂದು ನೋಡಿದ್ರೆ ನನ್ನ ಸೀಟಲ್ಲಿ ಇದು ಶಾಲು ಹೊದ್ಕಂಡು ಹೋಗ್ತಾ ಇದೆ,” ಎಂದು ಮಂಚದ ಮೇಲಿನ ಮಿಕ್ಸರಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಸವತಿಯನ್ನೂ ಯಾರೂ ಹಾಗೆ ನೋಡಿರಲಾರರು. “ಫೋನ್ ಮಾಡ್ದೆ. ನಿಮ್ಮ ಗಾಡಿ ಒಳಗಿಂದ ಸಣ್ಣಗೆ ರಿಂಗ್ ಆಯ್ತು. ಹಾಸಿಗೆಯೊಳಗೆ ಮಲಗಿತ್ತೇನೋ ಪಾಪ. ಚಿಕ್ಕಬೋರಯ್ಯ ಬಡಿದಿದ್ದೂ ಬಡಿದಿದ್ದೇ.”

ಅಡುಗೆಮನೆಯಿಂದ ಡಬ್ಬಿಯ ಸದ್ದು ಬಂತು. ಬಗ್ಗಿ ನೋಡಿದೆ. ಗುರುಪ್ರಕಾಶ ಹಳೆಯ ಮಣೆಯ ಮೇಲೆ ಹಳೆಯ ಜಾಗದಲ್ಲಿ ಕೂತು, ಅವಳ ಚೀಲದಿಂದ ಸಾಮಾನು ತೆಗೆತೆಗೆದು ಗೂಡಿಗೆ ಜೋಡಿಸುತ್ತಿದ್ದ. ಯಾವುದು ಎಲ್ಲಿ ಎಂದು ಒಂದು ಮಾತೂ ಕೇಳದೆ.

“ಒಳದಾರೀಲಿ ಬಂದ್ವಿ ಯಜಮಾನ್ರೇ, ಬೇಗ ಆಯ್ತು. ನಿಮ್ಮನ್ನ ದಾರೀಲಿ ಹಿಡಿಯೋಣ ಅಂತ ನೋಡ್ದೆ, ಕಾಣ್ಲಿಲ್ಲ. ಎಲ್ಲಾದ್ರೂ ಕೆಟ್ಟು ನಿಂತಿತ್ತಾ ಗಾಡಿ?”

ಶೆಟ್ಟಿಹಳ್ಳಿಯ ವಿಷಯ ನಾನು ಎತ್ತಲಿಲ್ಲ. “ನಿನ್ನ ಆರತಕ್ಷತೆ ಕೆಲಸ ಬಿಟ್ಟು ಬಂದ್ಯೇನೋ?”

“ನಾನಿರಬೇಕು ಅಂತಿಲ್ಲ ಯಜಮಾನ್ರೇ. ಪೆಟ್ಟಿಗೆ ತೆಗೆದ್ರೆ ಯಾವುದು ಎಲ್ಲಿ ಅಂತ ಅದೇ ಹೇಳತ್ತೆ. ನಮ್ಮೋರು ಹಾಕ್ತಾರೆ. ಅಕ್ಕನ ಹತ್ರ ಕಲ್ತಿದ್ದೇ ಅದು.”

“ಯಾರ ಹತ್ರ?”

“ಅಕ್ಕನ ಹತ್ರ. ಇಲ್ಲೇ ಕೂತು. ದಿನಾ ಬೇಕಾದ್ದು ಕೈಗೆ, ಮೊದಲು ಬೇಕಾದ್ದು ಮೇಲೆ, ತೆಗೆದ ಜಾಗಕ್ಕೇ ವಾಪಸ್ಸು. ವೈರು ಸುತ್ತೋದೂ ಅಕ್ಕ ಬಾವಿ ಹಗ್ಗ ಸುತ್ತೋದು ನೋಡಿ ಕಲ್ತಿದ್ದು. ನಿಮಗೆ ಗೊತ್ತಿಲ್ದೆ ಏನು, ನಿಮ್ಮ ಮನೇದೇ ಅಲ್ವಾ?”

ನನಗೆ ಗೊತ್ತಿರಲಿಲ್ಲ. ನಾನು ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಯಾರದೋ ಹೋಳಿಗೆ ತಿಂದು, ಕಂಬದ ಮರೆಯಲ್ಲಿ ನಿಂತು ಕದ್ದು ತಂದದ್ದು ನನ್ನ ಅಡುಗೆಮನೆಯನ್ನು. ಇಷ್ಟು ಕಾಲ ಉರಿದು ಬೂದಿಯಾದದ್ದು ನನ್ನ ಸ್ವಂತ ಉಪ್ಪಿನಕಾಯಿಯ ಮೇಲೆ.

“ನಿಮಗೂ ಹೇಳಕ್ ಬಂದೆ,” ಎಂದಳು ಕರಿಬಸಮ್ಮ. “ಸಾರು ಹಾಕು ಅಂದ್ರಿ.”

ಅಷ್ಟು ಹೊತ್ತಿಗೆ ಉದಯಕುಮಾರನ ಫೋನು ಬಂತು. (ನನ್ನದು ಇನ್ನೂ ಟ್ರಂಕಿನಲ್ಲಿತ್ತು, ಅವಳದಕ್ಕೆ ಬಂತು.) ಗೆದ್ದದ್ದಂತೂ ಗೆದ್ದದ್ದೇ ತಾನೆ, ಮಾತು ಮಾತೇ ತಾನೆ ಎಂದು ಧೈರ್ಯ ತಂದುಕೊಂಡು ಕಿವಿಗಿಟ್ಟೆ.

“ಭಾವ, ಸೌಂಡು ಬೊಂಬಾಟಾಗಿತ್ತು. ಬಿಚ್ಚಿದ್ದಂತೂ ನಾನು ಹಂಗೆ ಯಾರೂ ಬಿಚ್ಚಿದ್ ನೋಡಿಲ್ಲ. ಆದ್ರೂ ಮದ್ವೆ ಸೌಂಡು ಗುರುಪ್ರಕಾಶಂಗೇ ಇರಲಿ.”

“ಯಾಕೋ? ನಾನು ಗೆದ್ನಲ್ಲ?”

“ಗೆದ್ರಿ. ನೀವು ಮದ್ವೆ ದಿನ ನಮ್ಮಕ್ಕನ್ನ ಒಬ್ಬಳನ್ನ ಜೋಪಾನವಾಗಿ ಕರ್ಕಂಡು ಬಂದು, ಜೋಪಾನವಾಗಿ ವಾಪಸ್ ಕರ್ಕಂಡು ಹೋಗಿ ಭಾವ. ನಿಮಗೆ ಅದೊಂದೇ ಕೆಲಸ. ಅಷ್ಟಾದ್ರೆ ಸಾಕು. ಬಿಡುವಾದ್ರೆ ಪಾನಕ ಹಂಚಿ.”

ಗುರುಪ್ರಕಾಶ ಬಗ್ಗಿ ನನ್ನ ಕಾಲು ಮುಟ್ಟಿ, ಅವಳ ಕೈಯಿಂದ ಒಂದು ಡಬ್ಬಿ ಚಕ್ಕುಲಿ ಇಸಿದುಕೊಂಡು, ಆರತಕ್ಷತೆ ಶುರುವಾಗುವ ಮುಂಚೆ ಹೋಗಿ ಸೇರುತ್ತೇನೆಂದು ಹೊರಟ. ಗೆದ್ದ ಗುಂಗಿನಲ್ಲಿ ನಾನು ಗಮನಿಸದೇ ಬಂದಿದ್ದ ಅವನ ಗಾಡಿಯ ಮುಂದಿನ ಸೀಟಿನಲ್ಲಿ ಒಂದು ದಿಂಬು ಹಾಕಿತ್ತು, ಒರಗಿಕೊಳ್ಳಲಿಕ್ಕೆ. ಅದನ್ನು ನಾನು ನೋಡಬಾರದಿತ್ತು.

ಮಾರನೆಯ ಬೆಳಗ್ಗೆ ತಪ್ಪು ತಿದ್ದಿಕೊಳ್ಳೋಣವೆಂದು ನಾನೇ ಕಾಫಿ ಮಾಡಲು ಅಡುಗೆಮನೆಗೆ ಹೋದೆ. ದಿನಾ ಬೇಕಾದದ್ದು ಇರುವ, ಕೈಗೆಟುಕುವ ಗೂಡಿನಲ್ಲಿ ಹೊಸ ಸ್ಟೀಲ್ ಲೋಟವೊಂದು ಇತ್ತು. ಅದಕ್ಕೆ ಬಿಳಿ ಪಟ್ಟಿ: ‘ಗುರುಪ್ರಕಾಶ’. ನನ್ನ ಲೋಟ ಅದರ ಪಕ್ಕದಲ್ಲಿರಲಿಲ್ಲ. ಮೇಲಿನ ಹಲಗೆಯಲ್ಲಿ, ಹಬ್ಬದ ಸಾಮಾನಿನ ನಡುವೆ ಹುಡುಕಿದೆ. ಅಲ್ಲೂ ಇಲ್ಲ. ಏಣಿ ಹಾಕಿ ಅಟ್ಟ ಹತ್ತಿದೆ.

ಕೊಪ್ಪರಿಗೆಗೂ ದೊಡ್ಡ ಜಾಲರಿಗೂ ನಡುವೆ ಚೊಕ್ಕವಾಗಿ ಗುಡಿಸಿ, ಹಾಸಿಗೆಯಲ್ಲಿ ಮಿಕ್ಕಿದ್ದ ಸ್ಪಂಜು ಹಾಸಿತ್ತು. ತಲೆಯ ಕಡೆ ನನ್ನ ಲೋಟ. ಗೋಡೆಗೆ ಬಿಳಿ ಪಟ್ಟಿ: ‘ಯಜಮಾನರು. ವರ್ಷಕ್ಕೊಮ್ಮೆ.’

ಅವಳ ಅಳತೆ ತಪ್ಪುವುದೇ ಇಲ್ಲ. ಮಲಗಿ ನೋಡಿದೆ. ಸರಿಹೋಗುತ್ತದೆ, ಕಾಲು ಮಾತ್ರ ಸ್ವಲ್ಪ ಮಡಚಬೇಕು.